ನೀರು ಬರುವ ಹೊತ್ತು

ನಾವು ವಾಸಿಸುವ ಡೊಂಬಿವಲಿಯ ಹಳೆಯ ಕಟ್ಟಡದಲ್ಲಿ ಬೆಳಗ್ಗೆ 5.20ಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, 6.10ರ ಹೊತ್ತಿಗೆ ನಿಂತುಹೋಗುತ್ತದೆ. ಅಷ್ಟರೊಳಗೆ ಬಚ್ಚಲಿನ ಎರಡು ಡ್ರಮ್ಮು, ನಾಲ್ಕು ಬಾಲ್ದಿ, ಅಡುಗೆಮನೆಯ ಎರಡು ಕೊಡ ಎಲ್ಲವೂ ತುಂಬಬೇಕು. ಮುಂಬಯಿಯ ಉಪನಗರಗಳಲ್ಲಿ ಬಾಳಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ನಮ್ಮ ಪಾಲಿಗೆ ಆ ಹೊತ್ತು ಒಂದು ಧರ್ಮಸಂಕಟವಾಗಿ ಪರಿಣಮಿಸಿತ್ತು. ಮದುವೆಯಾದಂದಿನಿಂದ ಇಪ್ಪತ್ತೆಂಟು ವರ್ಷ ನಾವಿಬ್ಬರೂ ಬೆಳಗಿನ 5.30ಕ್ಕೆ ಹೊರಕೋಣೆಯ ಎರಡು ಬೆತ್ತದ ಕುರ್ಚಿಗಳಲ್ಲಿ ಎದುರುಬದುರು ಕುಳಿತು, ಸತ್ಯವೇದದ ಒಂದು ಅಧ್ಯಾಯವನ್ನು ಓದಿ, ಪ್ರಾರ್ಥಿಸಿ, ಆಮೇಲೆಯೇ ದಿನದ ಕೆಲಸಕ್ಕೆ ಏಳುತ್ತಿದ್ದೆವು. ನಾಲ್ಕು ವರ್ಷಗಳ ಹಿಂದೆ ನೀರಿನ ಹೊತ್ತು ಸಂಜೆಯಿಂದ ಬೆಳಗಿಗೆ ಬದಲಾಯಿತು. ಅದೇ ತಿಂಗಳು ಅಮ್ಮನನ್ನು ಮಂಗಳೂರಿನಿಂದ ನಮ್ಮಲ್ಲಿಗೆ ಕರೆತಂದೆವು.

ಕರೆತಂದೆವು ಎನ್ನುವುದಕ್ಕಿಂತ ಎತ್ತಿಕೊಂಡು ತಂದೆವು ಎನ್ನಬೇಕು. ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಅಮ್ಮ ನಮ್ಮಲ್ಲೊಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುತ್ತಿದ್ದುದು ಮಾತ್ರ ಇಬ್ಬರೂ ಅಮ್ಮ ಎಂದೇ. ಆಗ ಅವರಿಗೆ ಎಂಬತ್ತೊಂದು ವರ್ಷ. ಒಂದು ಮಲಗುವ ಕೋಣೆ, ಒಂದು ಹೊರಕೋಣೆಯ ನಮ್ಮ ಮನೆಯಲ್ಲಿ ಅವರ ಮಂಚಕ್ಕೆ ಸ್ಥಳ ಸಿಕ್ಕಿದ್ದು ಹೊರಕೋಣೆಯಲ್ಲಿ. ಬೆತ್ತದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಬಾಗಿಲ ಹಿಂದೆ ನಿಲ್ಲಿಸಿದೆವು. ಸ್ವಲ್ಪ ದಿನಗಳ ಮಟ್ಟಿಗೆ ಎಂದು ಆಗ ಹೇಳಿಕೊಂಡದ್ದು ನೆನಪಿದೆ.

ನಾವು ಬೆಳೆದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಚ್ಚುಕೂಟ, ಶಾಲೆ, ನೇಯ್ಗೆ ಇವುಗಳ ಜೊತೆಗೆ 1865ರಲ್ಲಿ ಅವರು ಹಂಚಿನ ಕಾರ್ಖಾನೆಯನ್ನೂ ತೊಡಗಿದರು. ಕ್ರೈಸ್ತರಾಗಿ ಮನೆ, ಭೂಮಿ, ಕುಲಕಸುಬುಗಳನ್ನು ಕಳೆದುಕೊಂಡವರಿಗೆ ಪ್ರಾರ್ಥನೆಯೊಂದೇ ಸಾಲದು, ಕೈಗೆ ಕೆಲಸವೂ ಬೇಕು ಎಂಬ ಅರಿವು ಅವರಿಗಿತ್ತು. ಅಮ್ಮನ ತಂದೆ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಕಾಲಕ್ಕೆ ಆಡಳಿತ ಮಿಷನ್ನಿನ ಕೈಯಿಂದ ಬೇರೆಯವರಿಗೆ ಹೋಗಿತ್ತಾದರೂ ಮನೆಯ ನಡಾವಳಿ ಹಳೆಯದೇ ಆಗಿ ಉಳಿದಿತ್ತು. ಸಂಜೆ ಅಜ್ಜ ಕೆಲಸದಿಂದ ಬಂದು, ಮೈಗೆ ಹತ್ತಿದ ಕೆಂಪು ಮಣ್ಣನ್ನು ಬಾವಿಕಟ್ಟೆಯಲ್ಲಿ ತೊಳೆದು, ಒಗೆದ ಅಂಗಿ ತೊಟ್ಟು ಬಂದ ಮೇಲೆಯೇ ದೀಪದ ಮುಂದೆ ಪ್ರಾರ್ಥನೆ. ಅಡುಗೆಮನೆಯ ಹೆಂಗಸರೂ ಸಾಬೂನಿನಿಂದ ಕೈ ತೊಳೆಯಬೇಕು. ದೇವರ ಮುಂದೆ ಕೂರುವಾಗ ಕೈಗೆ ಮೀನಿನ ವಾಸನೆ ಇರಬಾರದು ಎಂದು ಅಮ್ಮ ನಮಗೂ ಹೇಳಿಕೊಟ್ಟಿದ್ದರು.

ಇದರ ಜೊತೆಗೆ ಇನ್ನೊಂದು ಗೆರೆಯೂ ಇತ್ತು. ನಮ್ಮ ಮನೆಮಾತು ತುಳು, ಪ್ರಾರ್ಥನೆಯ ಮಾತು ಕನ್ನಡ. ಬಡವು ಎಂದರೆ ಹಸಿವು, ಬಾಜೆಲ್ ಎಂದರೆ ಬಾಯಾರಿಕೆ. ಜಗಳ, ಜ್ವರ, ಸಾಲ, ಮೀನಿನ ಬೆಲೆ ಎಲ್ಲವೂ ತುಳುವಿನಲ್ಲಿ. ಕೃಪೆ, ಪಾಪಕ್ಷಮೆ, ನಿತ್ಯಜೀವ ಇವು ಕನ್ನಡದಲ್ಲಿ. ಹೀಗೆ ಶರೀರಕ್ಕೊಂದು ಭಾಷೆ, ಆತ್ಮಕ್ಕೊಂದು ಭಾಷೆ ಎಂಬಂತೆ ಬೆಳೆದ ನಾವು, ಮೈಯ ಚಿಂತೆಗಳನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬಂದರೆ ಮಾತ್ರ ದೇವರ ಕಡೆಗೆ ಮನಸ್ಸು ನಿಲ್ಲುತ್ತದೆಂದು ನಂಬಿದ್ದೆವು. ಮೈ ಹದವಾಗಿ ನಡೆಯುತ್ತಿದ್ದಾಗ ಆ ನಂಬಿಕೆಗೆ ಯಾವ ಪೆಟ್ಟೂ ಬೀಳಲಿಲ್ಲ.

ಅಮ್ಮ ಬಂದ ಮೇಲೆ ಮನೆಯೆಲ್ಲ ಮೈಯೇ ಆಯಿತು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗುವ ಶಕ್ತಿ ಕುಗ್ಗಿದ್ದರಿಂದ ಗಂಜಿಯನ್ನು ಅರೆದು, ತಲೆಯನ್ನು ಎತ್ತಿ ಹಿಡಿದು, ಚಮಚ ಚಮಚವಾಗಿ ಉಣ್ಣಿಸಬೇಕು. ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗುವ ಭಯ. ಡಯಾಪರು, ಡೆಟಾಲು, ರಕ್ತದೊತ್ತಡದ ಮಾತ್ರೆ, ಒಗೆಯಬೇಕಾದ ಹಾಸುಗಳ ರಾಶಿ. ಹಗಲು ನೋಡಿಕೊಳ್ಳಲು ಒಬ್ಬ ಬಾಯಿಯನ್ನು ಗೊತ್ತುಮಾಡಿದೆವು. ಅವಳು ಬರುವುದು ಎಂಟಕ್ಕೆ. ನಮ್ಮಲ್ಲೊಬ್ಬರ ಲೋಕಲ್ ಹೊರಡುವುದು ಅದಕ್ಕೂ ಮೊದಲೇ.

ಪ್ರಾರ್ಥನೆ ಒಂದೇ ದಿನ ನಿಂತುಹೋಗಲಿಲ್ಲ. ಮೊದಲು ಅಧ್ಯಾಯವು ನಾಲ್ಕು ವಚನಗಳಿಗಿಳಿಯಿತು. ಆಮೇಲೆ ಬೆಳಗಿನ ಬದಲು ರಾತ್ರಿ ಎಂದುಕೊಂಡೆವು. ರಾತ್ರಿ ಪುಸ್ತಕ ತೆರೆದವರು ಅದರ ಮೇಲೆಯೇ ತೂಕಡಿಸುತ್ತಿದ್ದೆವು. ಕೊನೆಗೆ ದುಡಿಮೆಯೇ ಪ್ರಾರ್ಥನೆ ಎಂದು ಸಮಾಧಾನ ಹೇಳಿಕೊಂಡೆವು. ಶರಣರ ನಾಡಿನಿಂದ ಬಂದವರಿಗೆ ಕಾಯಕ ಎಂಬ ಮಾತು ಹತ್ತಿರವಾದದ್ದೇ. ಆದರೆ ಅಷ್ಟು ದೊಡ್ಡ ಮಾತನ್ನು ನಾವು ಆಗ ಒಂದು ನೆಪವಾಗಿ ಬಳಸಿದೆವೆಂದು ಈಗ ಒಪ್ಪಿಕೊಳ್ಳಬೇಕು. ದುಡಿಮೆ ತಾನಾಗಿ ಪ್ರಾರ್ಥನೆಯಾಗಲಿಲ್ಲ. ಅದು ದಿನದಿಂದ ದಿನಕ್ಕೆ ಬರಿಯ ದುಡಿಮೆಯಾಗಿ, ಆಮೇಲೆ ಸಿಡುಕಾಗಿ, ಕಡೆಗೆ ಒಂದು ಬಗೆಯ ಒಳಗೊಳಗಿನ ದ್ವೇಷವಾಗಿ ಹುಳಿಯತೊಡಗಿತು.

ಆ ಮಾಗಿಯ ಒಂದು ಬೆಳಗನ್ನು ನಾವಿಬ್ಬರೂ ಮರೆಯಲಾರೆವು. ಅಂದು ನೀರು ತಡವಾಗಿ ಬಂತು, ಸಣ್ಣಗೆ ಬಂತು. ರಾತ್ರಿ ಮೂರು ಸಲ ಹಾಸು ಬದಲಿಸಿದ್ದೆವು. ಅಮ್ಮ ಬಾಯಿ ತೆರೆಯಲೊಲ್ಲರು. ತಾನೊಂದು ಹೊರೆಯಾದೆನೆಂಬ ಭಾವ ಅವರಿಗೆ ಬಂದಿತ್ತೋ ಏನೋ, ಕೆಲವು ದಿನಗಳಿಂದ ಹೀಗೆಯೇ ತುಟಿ ಬಿಗಿದು ಮಲಗುತ್ತಿದ್ದರು. ಗಡಿಯಾರವನ್ನು ನೋಡುತ್ತ ನಮ್ಮಲ್ಲೊಬ್ಬರು ಅವರ ಗಲ್ಲವನ್ನು ಒತ್ತಿಹಿಡಿದು ಚಮಚವನ್ನು ತುರುಕಿದೆವು. ಇನ್ನೊಬ್ಬರು ನೋಡುತ್ತಲೇ ಇದ್ದು ಸುಮ್ಮನಿದ್ದೆವು. ಯಾರು ಯಾವುದನ್ನು ಮಾಡಿದೆವೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಎರಡೂ ಒಂದೇ. ಗಂಜಿ ಕಟಬಾಯಿಯಿಂದ ಕತ್ತಿಗೆ ಇಳಿಯಿತು. ಅಮ್ಮ ಕೆಮ್ಮಿದರು, ಆಮೇಲೆ ನಮ್ಮನ್ನು ನೋಡಿದರು. ಕೋಪವಿಲ್ಲದ, ಬರಿಯ ಹೆದರಿಕೆಯ ನೋಟ ಅದು. ನಮಗೆ ಹೆದರಿದವರು, ಒಂದು ಕಾಲಕ್ಕೆ ನಮ್ಮ ಕೈಗಳಿಗೆ ಸಾಬೂನು ಹಚ್ಚಿ ತೊಳೆದು ದೇವರ ಮುಂದೆ ಕೂರಿಸಿದವರು.

ಮುಂದಿನ ಭಾನುವಾರ ನಮ್ಮಲ್ಲೊಬ್ಬರು ಮಾತ್ರ ಕನ್ನಡ ಆರಾಧನೆಗೆ ಹೋದೆವು. ಆರಾಧನೆ ಮುಗಿದ ಮೇಲೆ, ನಿವೃತ್ತರಾದ ಸಭಾಪಾಲಕರೊಬ್ಬರು, ನಾವು ಅಯ್ಯನವರೇ ಎಂದು ಕರೆಯುವವರು, ಮೆಟ್ಟಿಲ ಬಳಿ ನಿಲ್ಲಿಸಿ ಅಮ್ಮನ ವಿಚಾರ ಕೇಳಿದರು. ಆರು ತಿಂಗಳಿಂದ ಸರಿಯಾಗಿ ಪ್ರಾರ್ಥನೆಯಿಲ್ಲ, ದೇವರಿಂದ ದೂರವಾಗಿದ್ದೇವೆ ಎಂದು ತೊದಲಿದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ.

"ನೀವಿಬ್ಬರೂ ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನವಾಯಿತು? ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಮಾಡಿ ಎಷ್ಟು ದಿನವಾಯಿತು?"

ಉತ್ತರ ಸಿಗದಿದ್ದಾಗ, ಮನೆಗೆ ಹೋಗಿ ಎಲೀಯನ ಕಥೆಯನ್ನು ಮತ್ತೊಮ್ಮೆ ಓದಿರಿ ಎಂದರು. ಆ ವಾರವೇ ಸಭೆಯ ಇಬ್ಬರು ತಾಯಂದಿರನ್ನು ನಮ್ಮಲ್ಲಿಗೆ ಕಳುಹಿಸಿದರು. ಅವರು ಪ್ರತಿ ಶನಿವಾರ ಮಧ್ಯಾಹ್ನ ಅಮ್ಮನ ಬಳಿ ಕುಳಿತರು. ನಾವು ಒಳಗಿನ ಕೋಣೆಯಲ್ಲಿ ಬಿದ್ದುಕೊಂಡು ನಿದ್ದೆ ಮಾಡಿದೆವು.

ಎಲೀಯನ ಕಥೆ ನಮಗೆ ಗೊತ್ತಿಲ್ಲದ್ದಲ್ಲ. ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯ. ಈಜೆಬೆಲಳಿಗೆ ಹೆದರಿ ಓಡಿದ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ಸಾವು ಬರಲಿ ಎಂದು ಬೇಡುತ್ತಾನೆ. ಭಾನುವಾರ ಶಾಲೆಯಲ್ಲಿ ಈ ಕಥೆಯನ್ನು ಕಲಿಸುವಾಗ ನಾವು ಬೇಗಬೇಗನೆ ಹೋರೇಬಿನ ಬೆಟ್ಟಕ್ಕೆ, ಗಾಳಿ, ಭೂಕಂಪ, ಬೆಂಕಿಗಳ ನಂತರ ಕೇಳಿಬಂದ ಆ ಮೆಲುದನಿಗೆ ಹೋಗುತ್ತಿದ್ದೆವು. ಅದಕ್ಕೂ ಮೊದಲು ಏನು ನಡೆಯಿತೆಂಬುದನ್ನು ಗಮನಿಸಿರಲಿಲ್ಲ. ದೇವದೂತನು ಬಂದು ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರಿನ ತಂಬಿಗೆಯನ್ನೂ ತಲೆಯ ಬಳಿ ಇಟ್ಟು ತಟ್ಟಿ ಎಬ್ಬಿಸಿದ. ಪ್ರವಾದಿ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದು ತಟ್ಟಿ ಎಬ್ಬಿಸಿ, ತಿನ್ನು, ಮುಂದಿನ ದಾರಿ ದೂರವಿದೆ ಎಂದ. ಮೆಲುದನಿ ಕೇಳಿಸಿದ್ದು ಎರಡು ಊಟ, ಎರಡು ನಿದ್ದೆಗಳ ನಂತರ, ನಾಲ್ವತ್ತು ದಿನಗಳ ದಾರಿಯ ಕೊನೆಯಲ್ಲಿ. ನಾವು ಮೈಯನ್ನು ಬಾಗಿಲ ಹೊರಗೆ ಬಿಡಬೇಕೆಂದುಕೊಂಡಿದ್ದೆವು. ದೇವರು ಅಡವಿಯಲ್ಲಿ ಮೊದಲು ವಿಚಾರಿಸಿದ್ದು ಅದನ್ನೇ.

ಆ ಕಣ್ಣಿನಿಂದ ಓದತೊಡಗಿದ ಮೇಲೆ ಬೇರೆ ಭಾಗಗಳೂ ಬೇರೆಯಾಗಿ ಕಂಡವು. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಯೇಸು, ಆ ಅದ್ಭುತಕ್ಕೆ ಬೆರಗಾಗಿ ನಿಂತ ತಂದೆತಾಯಿಗಳಿಗೆ ಹುಡುಗಿಗೆ ತಿನ್ನಲು ಏನಾದರೂ ಕೊಡಿರಿ ಎನ್ನುತ್ತಾನೆ. ಪುನರುತ್ಥಾನನಾದ ಮೇಲೆ ತಿಬೇರಿಯ ಸಮುದ್ರದ ದಂಡೆಯಲ್ಲಿ, ರಾತ್ರಿಯಿಡೀ ಬಲೆ ಬೀಸಿ ಬಳಲಿದ ಶಿಷ್ಯರಿಗಾಗಿ ತಾನೇ ಕೆಂಡ ಮಾಡಿ ಮೀನು ಸುಡುತ್ತಾನೆ. ದೇವರ ಕೈಗೇ ಮೀನಿನ ವಾಸನೆ ಇತ್ತಲ್ಲವೆ ಎಂದು ಅಂದು ನಾವು ನಕ್ಕೆವು. ಬಹಳ ದಿನಗಳ ಮೇಲೆ ಬಂದ ನಗು ಅದು.

ನಮ್ಮನ್ನು ಬಹಳ ಕಾಡಿದ್ದು ಮಾರ್ಥಳ ಪ್ರಸಂಗ. ಅಡುಗೆಯಲ್ಲಿ ಮುಳುಗಿದ ಮಾರ್ಥಳಿಗಿಂತ ಯೇಸುವಿನ ಪಾದದ ಬಳಿ ಕುಳಿತ ಮರಿಯಳೇ ಉತ್ತಮವಾದದ್ದನ್ನು ಆರಿಸಿಕೊಂಡಳು ಎಂಬ ಮಾತು ಅಡುಗೆಮನೆಯಲ್ಲಿ ನಿಂತ ಯಾರಿಗಾದರೂ ಚುಚ್ಚುವಂಥದು. ಎಲ್ಲರೂ ಮರಿಯಳಾದರೆ ಅಮ್ಮನ ಹಾಸನ್ನು ಬದಲಿಸುವವರು ಯಾರು? ಆದರೆ ಲೂಕನು ಈ ಪ್ರಸಂಗವನ್ನು ಇಟ್ಟಿರುವ ಜಾಗವನ್ನು ನೋಡಬೇಕು. ಅವನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಇದಕ್ಕೆ ತಾಗಿಕೊಂಡೇ ಮೊದಲು ಬರುವುದು ಸಮಾರ್ಯದವನ ಸಾಮ್ಯ. ದಾರಿಯಲ್ಲಿ ಬಿದ್ದ ಗಾಯಾಳುವನ್ನು ಯಾಜಕನೂ ಲೇವಿಯನೂ ನೋಡಿ ಪಕ್ಕಕ್ಕೆ ಸರಿದುಹೋಗುತ್ತಾರೆ. ಅನ್ಯನೆನಿಸಿಕೊಂಡವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು, ಖರ್ಚಿಗೆಂದು ಎರಡು ನಾಣ್ಯ ಕೊಟ್ಟು ಹೋಗುತ್ತಾನೆ. ಎಣ್ಣೆ, ಬಟ್ಟೆ, ಬಾಡಿಗೆ, ಲೆಕ್ಕ ಎಲ್ಲವೂ ಮೈಯ ವಿಚಾರವೇ. ಇಂಥ ಕಥೆಯನ್ನು ಹೇಳಿ ಹೋಗಿ ಹಾಗೆಯೇ ಮಾಡು ಎಂದವನು ಅದರ ಬೆನ್ನಿಗೇ ದುಡಿಮೆಯನ್ನು ಹೀಗಳೆದಾನೆ? ಮಾರ್ಥಳಿಗೆ ಅವನು ಎತ್ತಿ ಹೇಳಿದ್ದು ಅಡುಗೆಯ ತಪ್ಪನ್ನಲ್ಲ. ಹಲವು ವಿಷಯಗಳಿಗೆ ಹಂಚಿಹೋಗಿ ಕುದಿಯುತ್ತಿದ್ದ ಅವಳ ಮನಸ್ಸನ್ನು. ಅವಳ ಕೈ ಪಾತ್ರೆಯಲ್ಲಿತ್ತು, ಕಣ್ಣು ತಂಗಿಯ ಮೇಲಿತ್ತು, ದೂರು ಅತಿಥಿಯ ಮೇಲಿತ್ತು. ಆ ಮಾಗಿಯ ಬೆಳಗಿನಲ್ಲಿ ನಮ್ಮ ಕೈ ಅಮ್ಮನ ಗಲ್ಲದ ಮೇಲಿತ್ತು, ಕಣ್ಣು ಗಡಿಯಾರದ ಮೇಲೆ. ಗಂಜಿ ಉಣ್ಣಿಸಿದ್ದು ನಮ್ಮನ್ನು ದೇವರಿಂದ ದೂರ ಮಾಡಲಿಲ್ಲ. ಉಣ್ಣಿಸುವಾಗ ನಾವು ಅಲ್ಲಿ ಇರಲೇ ಇಲ್ಲ, ಅದೇ ದೂರ.

ಈ ತಿಳಿವಳಿಕೆಗೆ ಒಂದು ಮೈಯೂ ಬೇಕಲ್ಲವೆ? ಅದನ್ನು ನಾವು ಕಂಡದ್ದು ಹದಿನೇಳನೆಯ ಶತಮಾನದ ಪ್ಯಾರಿಸ್ಸಿನ ಒಬ್ಬ ಅಡುಗೆಯವನಲ್ಲಿ. ನಿಕೋಲಾ ಎರ್ಮಾನ್ ಎಂಬ ಲೊರೇನ್ ಪ್ರಾಂತದ ಬಡ ಸೈನಿಕ ಯುದ್ಧದಲ್ಲಿ ಗಾಯಗೊಂಡು, ಮುಂದೆ ಕಾರ್ಮೆಲ್ ಪಂಥದ ಮಠ ಸೇರಿ ಸಹೋದರ ಲಾರೆನ್ಸ್ ಎನಿಸಿಕೊಂಡ. ಓದುಬರಹದ ಕೆಲಸ ಅವನಿಗೆ ಸಿಗಲಿಲ್ಲ. ವರ್ಷಗಟ್ಟಲೆ ಮಠದ ಅಡುಗೆಮನೆ ಸಿಕ್ಕಿತು, ಆಮೇಲೆ ಕೆರ ಹೊಲಿಯುವ ಕೆಲಸ. ಅಡುಗೆ ಅವನಿಗೆ ಸ್ವಭಾವತಃ ಇಷ್ಟವೇ ಇರಲಿಲ್ಲ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿಸಿದಾಗ ಕುಂಟುಕಾಲಿನಿಂದ ನಡೆಯಲಾರದೆ ದೋಣಿಯೊಳಗಿನ ಪೀಪಾಯಿಗಳ ಮೇಲೆ ಉರುಳಿಕೊಂಡು ಓಡಾಡಬೇಕಾಯಿತಂತೆ. ಅಂಥವನು ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯನ್ನು ನೆನೆಯುತ್ತ ಬಾಳಿದ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮಾತುಗಳನ್ನೂ ಪತ್ರಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿದರು. ಇಂದಿಗೂ ಜನ ಓದುತ್ತಾರೆ. ಅವನ ಬದುಕಿನಲ್ಲಿ ನಮಗೆ ಧೈರ್ಯ ಕೊಟ್ಟ ಸಂಗತಿಗಳು ಎರಡು. ಇದು ಅವನಿಗೆ ಸುಲಭವಾಗಿ ಬರಲಿಲ್ಲ. ಮೊದಲ ಹತ್ತು ವರ್ಷ ಬಹಳ ತೊಳಲಾಡಿದನೆಂದು ಅವನೇ ಬರೆದಿದ್ದಾನೆ. ಮತ್ತು ಅಡುಗೆಮನೆಯಲ್ಲಿ ದೇವರಿದ್ದಾನೆಂದು ಮಠದ ಪ್ರಾರ್ಥನೆಯ ವೇಳೆಗಳನ್ನು ಅವನು ಬಿಟ್ಟುಬಿಡಲಿಲ್ಲ. ದುಡಿಮೆಯೇ ಪ್ರಾರ್ಥನೆ ಎಂದು ನಾವು ಹೇಳಿಕೊಂಡದ್ದಕ್ಕೂ ಅವನು ಬಾಳಿದ್ದಕ್ಕೂ ಇರುವ ಅಂತರ ಅಲ್ಲಿ ತಿಳಿಯಿತು. ಎಲ್ಲಿಯೂ ನಿಲ್ಲದ ದುಡಿಮೆಗೆ ಯಾರನ್ನು ನೆನೆಯಲೂ ಬಿಡುವಿಲ್ಲ, ಸ್ವಲ್ಪವಾದರೂ ನಿಲ್ಲಬೇಕು.

ಎಲ್ಲಿ ನಿಲ್ಲುವುದು ಎಂದು ಹುಡುಕಿದಾಗ ಸಿಕ್ಕಿದ್ದು ನೀರು ಬರುವ ಹೊತ್ತೇ. ಒಂದು ಡ್ರಮ್ಮು ತುಂಬಲು ಸುಮಾರು ಹನ್ನೆರಡು ನಿಮಿಷ ಬೇಕು. ಆ ಹನ್ನೆರಡು ನಿಮಿಷಗಳನ್ನು ನಾವು ಅಷ್ಟು ದಿನವೂ ನೀರನ್ನು ಶಪಿಸುತ್ತ, ಮೊಬೈಲು ತಿರುವುತ್ತ ಕಳೆಯುತ್ತಿದ್ದೆವು. ಹಿಂದಿನ ರಾತ್ರಿ ಒಂದು ಕೀರ್ತನೆಯ ಎರಡು ಸಾಲನ್ನಷ್ಟೇ ಬಾಯಿಪಾಠ ಮಾಡಿಟ್ಟು, ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದೆವು. ಒಂದೊಂದು ಬಾಲ್ದಿಗೆ ಒಬ್ಬೊಬ್ಬರ ಹೆಸರೆತ್ತಿ ಬೇಡಿಕೊಂಡೆವು. ನೀರು ಇನ್ನೂ ಮೇಲೇರದ ನಾಲ್ಕನೆಯ ಮಹಡಿಯ ಮನೆಯವರನ್ನೂ ಮರೆಯುತ್ತಿರಲಿಲ್ಲ. ಇಷ್ಟು ಸಣ್ಣದನ್ನು ಸಾಧನೆ ಎನ್ನಲು ನಮಗೆ ನಾಚಿಕೆ. ಆದರೂ ಆ ಎರಡು ಸಾಲು ಲೋಕಲ್ಲಿನ ನೂಕುನುಗ್ಗಲಿನಲ್ಲಿಯೂ ಎಷ್ಟೋ ಸಲ ತಾನಾಗಿ ನಾಲಗೆಗೆ ಬಂದುದುಂಟು.

ಉಣ್ಣಿಸುವುದಕ್ಕೆ ಮೊದಲು ಕರ್ತನು ಕಲಿಸಿದ ಪ್ರಾರ್ಥನೆಯನ್ನು ಅಮ್ಮನ ಕಿವಿಯ ಬಳಿ ಕನ್ನಡದಲ್ಲಿ ಹೇಳುವುದೆಂದೂ ಗೊತ್ತುಮಾಡಿಕೊಂಡೆವು. ಮೊದಲ ದಿನವೇ ಬೆರಗು ಕಾದಿತ್ತು. ಬಡವು, ಬಾಜೆಲ್ ಎಂಬ ಮಾತುಗಳೂ ಮರೆತುಹೋಗಿ ಬರಿಯ ಗಂಟಲ ದನಿಯಾಗಿದ್ದ ಅಮ್ಮ, ಪ್ರಾರ್ಥನೆಯ ಎರಡನೆಯ ಮಾತಿನಿಂದ ನಮ್ಮೊಡನೆ ತುಟಿಯಾಡಿಸಿದರು. ನಾಲ್ಕೈದು ದಿನಗಳಲ್ಲಿ ದನಿಯೂ ಕೂಡಿತು. ಡಾಕ್ಟರನ್ನು ಕೇಳಿದೆವು. ಮೆದುಳಿಗೆ ಪೆಟ್ಟು ಬಿದ್ದು ಸ್ವಂತ ಮಾತು ಕಳೆದುಕೊಂಡವರಲ್ಲಿಯೂ ಎಳವೆಯಿಂದ ಬಾಯಿಪಾಠವಾದ ಹಾಡು, ಪ್ರಾರ್ಥನೆ, ಎಣಿಕೆಗಳು ಉಳಿದಿರುವುದುಂಟು, ಇದರಲ್ಲಿ ಪವಾಡವೇನೂ ಇಲ್ಲ ಎಂದರು. ಇರಲಿ. ಜೆಪ್ಪುವಿನ ದೀಪದ ಮುಂದೆ ಕಲಿತದ್ದು ಎಪ್ಪತ್ತೈದು ವರ್ಷ ಕಳೆದು ಡೊಂಬಿವಲಿಯ ಮಂಚದ ಮೇಲೆ ಅವರನ್ನು ಕೈಬಿಡದೆ ಉಳಿದಿತ್ತು.

ಆ ಪ್ರಾರ್ಥನೆಯ ನಡುಮಧ್ಯದಲ್ಲಿಯೇ ಅಂದಂದಿನ ಆಹಾರದ ಬೇಡಿಕೆ ಇದೆ. ಒಂದು ಕಡೆ ದೇವರ ರಾಜ್ಯ, ದೇವರ ಚಿತ್ತ. ಇನ್ನೊಂದು ಕಡೆ ಕ್ಷಮೆ, ಶೋಧನೆ. ಅವೆರಡರ ನಡುವೆ ಹೊಟ್ಟೆ. ಒಂದು ದಿನ ಆ ಮಾತು ಬಂದಾಗ ಅಮ್ಮ ಥಟ್ಟನೆ ನಿಲ್ಲಿಸಿ, ನಮ್ಮ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ನೋಡಿ, ತಾವಾಗಿಯೇ ಬಾಯಿ ತೆರೆದರು. ನಾವು ನಕ್ಕೆವು. ಅವರೂ ಅರ್ಧ ಮುಖದಿಂದ ನಕ್ಕರು. ಮಿಕ್ಕ ಪ್ರಾರ್ಥನೆಯನ್ನು ಅಂದು ಊಟವಾದ ಮೇಲೆ ಮುಗಿಸಿದೆವು.

ಆಮೇಲೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಸಿಡುಕಿದ ದಿನಗಳಿದ್ದವು, ಕೀರ್ತನೆ ಮರೆತು ಮೊಬೈಲು ತಿರುವಿದ ಬೆಳಗುಗಳಿದ್ದವು. ಆ ಮಾಗಿಯ ಬೆಳಗಿಗಾಗಿ ಅಮ್ಮನಲ್ಲಿ ಕ್ಷಮೆ ಕೇಳಿದೆವು. ಅವರಿಗೆ ಅದು ತಿಳಿಯಿತೋ ಇಲ್ಲವೋ, ಎಡಗೈಯಿಂದ ನಮ್ಮ ಮಣಿಕಟ್ಟನ್ನು ತಟ್ಟಿದರು. ಹದಿನಾಲ್ಕು ತಿಂಗಳು ನಮ್ಮೊಡನಿದ್ದು, ಒಂದು ಮಳೆಗಾಲದ ಮಧ್ಯಾಹ್ನ ಅಮ್ಮ ತೀರಿಕೊಂಡರು. ಕೊನೆಯ ಸಲ ಅವರ ಮೈಯನ್ನು ತೊಳೆದದ್ದೂ ಬೆಳಗ್ಗೆ ಡ್ರಮ್ಮಿನಲ್ಲಿ ತುಂಬಿಟ್ಟ ನೀರಿನಿಂದಲೇ.

ಈಗ ಮಂಚ ಇಲ್ಲ. ಕುರ್ಚಿಗಳು ಮತ್ತೆ ಎದುರುಬದುರಾಗಿವೆ. ಬಿಡುವೂ ಇದೆ. ಆದರೆ ಸೋಜಿಗವೆಂದರೆ, ಅಷ್ಟೆಲ್ಲ ಕಾಡಿ ಬಯಸಿದ್ದ ಆ ಬಿಡುವಿನಲ್ಲಿ ಕುಳಿತರೆ ಮನಸ್ಸು ನಮ್ಮ ಮೊಣಕಾಲು, ಸಕ್ಕರೆಯ ಪ್ರಮಾಣ, ನಿವೃತ್ತಿಯ ಲೆಕ್ಕ ಎಂದು ಅಲೆಯುತ್ತದೆ. ಹಾಗೆ ಅಲೆದಾಗ ಎದ್ದು ಬಚ್ಚಲ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಕುರ್ಚಿಯನ್ನು ನಾವು ಬಿಟ್ಟಿಲ್ಲ, ಬಚ್ಚಲ ಬಾಗಿಲನ್ನೂ ಬಿಟ್ಟಿಲ್ಲ. ಇಬ್ಬರಿಗೆ ಒಂದು ಡ್ರಮ್ಮು ಸಾಕಾದರೂ ಎರಡನ್ನೂ ತುಂಬುತ್ತೇವೆ.

ನಾಳೆ ದುರಸ್ತಿಗಾಗಿ ನೀರು ಬರುವುದಿಲ್ಲವೆಂದು ಕಟ್ಟಡದ ಫಲಕದಲ್ಲಿ ಬರೆದಿದ್ದಾರೆ. ಮೇಲಿನ ಮನೆಯವರಿಗೂ ಒಂದೆರಡು ಬಾಲ್ದಿ ಬೇಕಾದೀತು. ಇಂದು ಐದಕ್ಕೇ ಎದ್ದು ಬಾಲ್ದಿಗಳನ್ನು ತೊಳೆದಿಟ್ಟಿದ್ದೇವೆ.